ಗಂಗೊಳ್ಳಿ ಇಂಜಿನ್ನಿನ ಕಿಟ್ಟ

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿಗೆ ಇಷ್ಟು ವರ್ಷದಲ್ಲಿ ಬಂದ ಮಾಲಿನಲ್ಲಿ ಮೀನಿನ ವಾಸನೆ ಹೊಡೆದದ್ದು ಒಂದೇ ಒಂದು. ಗೋಣಿಚೀಲ ಸುತ್ತಿ, ನೈಲಾನ್ ಹಗ್ಗ ಬಿಗಿದು, ರಾತ್ರಿ ಲಾರಿಯಲ್ಲಿ ಕರಾವಳಿಯ ಗಂಗೊಳ್ಳಿಯಿಂದ ಬಂದಿತ್ತು. ಬಿಚ್ಚಿದರೆ 9.9 ಎಚ್.ಪಿ.ಯ ಹಳೆಯ ಔಟ್‌ಬೋರ್ಡ್ ಮೋಟಾರು. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸುತ್ತಾರಲ್ಲ, ಅದು. ಮೇಲೆ ಇಂಜಿನ್, ಕೆಳಗೆ ಫ್ಯಾನು, ನಡುವೆ ಕೊಕ್ಕರೆಯಂಥ ಉದ್ದ ಕಾಲು. ಟೂ ಸ್ಟ್ರೋಕ್, ಎರಡು ಸಿಲಿಂಡರ್. ಇಳಿಸಿಕೊಂಡು ಸುಧಾರಿಸಿಕೊಳ್ಳುವ ಮೊದಲೇ ಅದನ್ನು ಕಳಿಸಿದ ನೆಂಟರ ಫೋನು: "ಹ್ವಾಯ್, ಎಂತ ಮಾಡ್ರೂ ಎಳುದಿಲ್ಲ ಕಾಣಿ. ನಿಮ್ ಪೀಣ್ಯದಂಗೆ ಎಲ್ಲಾ ಆತ್ತ್ ಅಲ್ದಾ?"

ಆಗುತ್ತದೆ ಅಂದೆ. ಸಮುದ್ರಕ್ಕೆ ನೂರಾರು ಕಿಲೋಮೀಟರು ದೂರ ಕೂತು ಹಾಗೆ ಅನ್ನಲು ಧೈರ್ಯ ಬಂದದ್ದು ಟೂ ಸ್ಟ್ರೋಕ್ ಎಂಬ ಒಂದು ಮಾತಿನಿಂದ. ಬೆಂಗಳೂರಿನ ಹೊರವಲಯದ ನಮ್ಮ ತಲೆಮಾರಿನ ಮೆಕ್ಯಾನಿಕ್ಕುಗಳೆಲ್ಲ ಕಣ್ಣುಬಿಟ್ಟದ್ದೇ ಟೂ ಸ್ಟ್ರೋಕ್ ಹೊಗೆಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಅದರ ಯೆಜ್ಡಿ ಬೈಕುಗಳು ನಮ್ಮ ಬಾಗಿಲು ತಟ್ಟುವುದು ನಿಲ್ಲಲಿಲ್ಲ. ಅತ್ತಿಬೆಲೆ ದಾಟಿದರೆ ಹೊಸೂರು. ಅಲ್ಲಿಂದ 1980ರಲ್ಲಿ ಹೊರಟ ಟಿವಿಎಸ್ 50 ಇತ್ತ ಎಲೆಕ್ಟ್ರಾನಿಕ್ ಸಿಟಿಯ ಹಳ್ಳಿಹಳ್ಳಿಗೂ ಹಾಲಿನ ಕ್ಯಾನು ಹೊತ್ತಿತು. ಆಮೇಲೆ ಆರ್‌ಎಕ್ಸ್ 100. ಜೊತೆಗೆ ಊರು ತುಂಬ ಆಟೋ. ಇವೆಲ್ಲದರ ಹೊಟ್ಟೆಯೊಳಗೂ ಒಂದೇ ಕಾಯಿಲೆ: ಕಾರ್ಬನ್ ಕಟ್ಟುವುದು. ಬಾಣಲೆಯ ತಳದಲ್ಲಿ ಎಣ್ಣೆ ಸುಟ್ಟು ಕಿಟ್ಟ ಹಿಡಿಯುತ್ತದಲ್ಲ, ಹಾಗೆ.

ಟೂ ಸ್ಟ್ರೋಕ್‌ಗೆ ಇದು ಹುಟ್ಟುಗುಣ. ಕಾರಿನಲ್ಲಿ ಆಯಿಲ್ ಕೆಳಗಿನ ಸಂಪಿನಲ್ಲಿ ಇರುತ್ತದೆ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಒಳಗೆ ಹೋಗಿ, ಬೇರಿಂಗು ಪಿಸ್ಟನ್ನುಗಳನ್ನು ನೆನೆಸಿ, ಕೊನೆಗೆ ತಾನೂ ಬೆಂಕಿಗೆ ಬೀಳಬೇಕು. ಪೆಟ್ರೋಲು ಸಲೀಸಾಗಿ ಉರಿಯುತ್ತದೆ. ಆಯಿಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಪಿಸ್ಟನ್ನಿನ ತಲೆಯ ಮೇಲೆ, ಹೆಡ್ಡಿನ ಗುಮ್ಮಟದಲ್ಲಿ, ಎಗ್ಸಾಸ್ಟ್ ಪೋರ್ಟಿನ ಬಾಯಲ್ಲಿ ಕೂರುತ್ತದೆ. ಮೊದಲು ಎಣ್ಣೆಮಸಿ, ಬೆರಳಲ್ಲಿ ಒರೆಸಿದರೆ ಬರುತ್ತದೆ. ಆಮೇಲೆ ಅಂಟು. ಅದು ಬೆಂಕಿಗೆ ಕಾದು ಕಾದು ಕಲ್ಲು. ಆ ಕಲ್ಲು ಎಗ್ಸಾಸ್ಟ್ ದಾರಿಯನ್ನು ಕಿರಿದು ಮಾಡಿದರೆ ಇಂಜಿನ್ ಉಸಿರುಗಟ್ಟಿ ಸೋಮಾರಿಯಾಗುತ್ತದೆ. ಇದು ಸಣ್ಣ ತೊಂದರೆ. ಪಿಸ್ಟನ್ನಿನ ಮೇಲೆ ಕೆಂಡದಂತೆ ಕಾದು ಕೂತರೆ ಪ್ಲಗ್ಗು ಕಿಡಿ ಕೊಡುವ ಮೊದಲೇ ಗ್ಯಾಸಿಗೆ ಬೆಂಕಿ ಹತ್ತಿಸುತ್ತದೆ, ಇದು ದೊಡ್ಡದು. ರಿಂಗಿನ ಕಾಲುವೆಗೆ ಇಳಿದು ರಿಂಗನ್ನೇ ಹಿಡಿದುಬಿಟ್ಟರೆ ಮಾತ್ರ ಇಂಜಿನ್ನಿನ ಕಥೆ ಮುಗಿಯುತ್ತ ಬಂತು ಅಂತಲೇ ಅರ್ಥ. ರಿಂಗು ಸ್ಪ್ರಿಂಗಿನಂತೆ ಅರಳಿ ಸಿಲಿಂಡರ್ ಗೋಡೆಯನ್ನು ಒತ್ತಿಕೊಂಡಿರಬೇಕು. ಅಂಟಿಕೊಂಡ ರಿಂಗು ಒತ್ತುವುದಿಲ್ಲ, ಬಿಸಿ ಗ್ಯಾಸು ಪಿಸ್ಟನ್ನಿನ ಪಕ್ಕದಿಂದ ಕೆಳಕ್ಕೆ ಜಾರುತ್ತದೆ, ಗೋಡೆಯ ಆಯಿಲ್ ಪದರ ಸುಟ್ಟುಹೋಗುತ್ತದೆ, ಒಂದು ದಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ದಡದಲ್ಲಿ ಕಚ್ಚಿಕೊಂಡರೆ ಬೈದು ಸುಮ್ಮನಾಗಬಹುದು. ಅಳಿವೆ ದಾಟಿದ ಮೇಲೆ ಕಚ್ಚಿಕೊಂಡರೆ?

ಅದಕ್ಕೇ ಆ 9.9 ಎಂಬ ಅಂಕೆಯ ಬಗ್ಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್.ಪಿ.ಯೊಳಗಿನ ಮೋಟಾರಿನ ನಾಡದೋಣಿಗೆ ಮಾತ್ರ ವಿನಾಯಿತಿ. ಅಂದರೆ ಸಮುದ್ರ ಅತಿ ಕೆಟ್ಟದಾಗಿರುವ ಎರಡು ತಿಂಗಳಲ್ಲಿ ನೀರಿಗಿಳಿಯುವುದು ಈ ಸಣ್ಣ ಇಂಜಿನ್ನೇ. ಅದೂ ಸೀಮೆಎಣ್ಣೆ ಕುಡಿದುಕೊಂಡು. ಪೆಟ್ರೋಲಿನ ಬೆಲೆಯಲ್ಲಿ ನಾಡದೋಣಿ ನಡೆಸಿದರೆ ಬಂಗುಡೆ ಮಾರಿದ ದುಡ್ಡು ಬಂಕಿಗೇ ಸರಿಹೋಗುತ್ತದೆ ಅಂತ ಸರ್ಕಾರ ಸಹಾಯಧನದಲ್ಲಿ ಸೀಮೆಎಣ್ಣೆ ಕೊಡುತ್ತ ಬಂದಿದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಬದುಕಿನ ಲೆಕ್ಕದಲ್ಲಿ ಸರಿಯೇ. ಇಂಜಿನ್ನಿನ ಲೆಕ್ಕ ಬೇರೆ. ಪೆಟ್ರೋಲು ಅಂಗೈ ಮೇಲೆ ಹಾಕಿದರೂ ಹಾರಿಹೋಗುವ ಜಾತಿ. ಸೀಮೆಎಣ್ಣೆ ಕುದಿಯಲು ಶುರುವಾಗುವುದೇ ಸುಮಾರು 150 ಡಿಗ್ರಿಗೆ. ಪೂರ್ತಿ ಆವಿಯಾಗದೆ ಹನಿಹನಿಯಾಗಿ ಒಳಗೆ ಹೋದದ್ದು ಅರೆಬರೆ ಸುಟ್ಟು ಮಸಿಯಾಗುತ್ತದೆ. ಮನೆಯ ಲಾಂದ್ರದ ಗಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲು ಮಾಡಿದ್ದು ಪ್ಲಗ್ಗು ಬಿಚ್ಚಿದ್ದು. ಎರಡೂ ಕಾಡಿಗೆ ಡಬ್ಬಿಯೊಳಗೆ ಅದ್ದಿ ತೆಗೆದ ಹಾಗಿದ್ದವು. ಪ್ಲಗ್ಗಿನ ಮೂಗು ಸುಮಾರು 450 ಡಿಗ್ರಿ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಈ ಪ್ಲಗ್ಗುಗಳು ಆ ಬಿಸಿ ಕಂಡು ಯಾವ ಕಾಲವಾಗಿತ್ತೋ. ಕಂಪ್ರೆಶನ್ ಗೇಜು ಹಾಕಿ ಹಗ್ಗ ಎಳೆದೆ. ಮೇಲಿನ ಸಿಲಿಂಡರ್ 105 ಪಿ.ಎಸ್.ಐ., ಕೆಳಗಿನದು 70. ಅಂಕೆ ಎಷ್ಟು ಅನ್ನುವುದಕ್ಕಿಂತ ಎರಡರ ನಡುವಿನ ಅಂತರ ಮುಖ್ಯ. ಶೇ. 10ರ ಒಳಗಿದ್ದರೆ ನಿದ್ದೆ ಮಾಡಬಹುದು. ಇದು ಮೂರನೇ ಒಂದು ಭಾಗ. ಕೆಳಗಿನ ರಿಂಗು ಹಿಡಿದಿದೆ, ಅನುಮಾನವಿಲ್ಲ.

ನೆಂಟರಿಗೆ ಫೋನು ಮಾಡಿ ಲೀಟರಿಗೆ ಆಯಿಲ್ ಎಷ್ಟು ಹಾಕುತ್ತೀರಿ ಅಂತ ಕೇಳಿದೆ. "ಅಂದಾಜಿಗೆ" ಅಂದರು. ಅಂದಾಜು ಅಂದರೆ? "ಸ್ವಲ್ಪ ಜಾಸ್ತಿಯೇ. ಇಂಜಿನ್ನಿಗೆ ಒಳ್ಳೇದಲ್ದಾ?"

ಇಲ್ಲಿದೆ ನೋಡಿ ವಿಷಯ. ಈ ಕಿಟ್ಟ ನಿರ್ಲಕ್ಷ್ಯದಿಂದ ಕಟ್ಟುವುದಕ್ಕಿಂತ ಪ್ರೀತಿಯಿಂದ ಕಟ್ಟುವುದೇ ಹೆಚ್ಚು. ಆಯಿಲ್ ಎರಡು ಮುಚ್ಚಳ ಜಾಸ್ತಿ ಹಾಕುವವನು, ಪಾಪ ಹಳೇ ಗಾಡಿ ಅಂತ ಎಕ್ಸಲೇಟರ್ ತಿರುವದೆ ಮೆಲ್ಲಗೆ ಓಡಿಸುವವನು, ಬೆಳಿಗ್ಗೆ ಹತ್ತು ನಿಮಿಷ ಸ್ಲೋನಲ್ಲಿ ಬಿಟ್ಟು 'ಬಿಸಿ ಮಾಡುವವನು' – ಇವರ ಇಂಜಿನ್ನುಗಳೇ ನಮ್ಮ ಮೇಜಿಗೆ ಬರುವುದು. ಲೀಟರಿಗೆ 20 ಎಂ.ಎಲ್. ಕೇಳುವ ಇಂಜಿನ್ನಿಗೆ 50 ಹಾಕಿದರೆ ಮಿಕ್ಕ 30 ಎಲ್ಲಿ ಹೋಗಬೇಕು? ಔಟ್‌ಬೋರ್ಡಿಗೆ ಇನ್ನೊಂದು ಕೇಡು ಉಂಟು. ಬೈಕಿನ ಸಿಲಿಂಡರಿಗೆ ಗಾಳಿಯೇ ಗತಿ, ಚೆನ್ನಾಗಿ ಕಾಯುತ್ತದೆ. ಔಟ್‌ಬೋರ್ಡು ಇಡೀ ಸಮುದ್ರವನ್ನೇ ರೇಡಿಯೇಟರ್ ಮಾಡಿಕೊಂಡಿದೆ. ಅದರ ಥರ್ಮೋಸ್ಟಾಟು ನೀರನ್ನು ಹಿಡಿದಿಡುವುದೇ ಸುಮಾರು 50ರಿಂದ 60 ಡಿಗ್ರಿಗೆ. ಕಾರಿನದು 90ರ ಆಸುಪಾಸು. ತಣ್ಣಗಿನ ಗೋಡೆ, ಮೇಲೆ ಆಯಿಲು, ಜೊತೆಗೆ ಬಲೆ ಬಿಡುವಾಗ ಗಂಟೆಗಟ್ಟಲೆ ಸ್ಲೋ ಓಟ. ಕಿಟ್ಟಕ್ಕೆ ಇದಕ್ಕಿಂತ ಸುಖದ ಮನೆ ಇನ್ನೊಂದಿಲ್ಲ.

ಇಂಜಿನ್ ಬಿಚ್ಚುವ ಮೊದಲು ಔಷಧಿ ಪ್ರಯೋಗ. ಕಾರ್ಬನ್ ಕರಗಿಸುವ ಸ್ಪ್ರೇ ಡಬ್ಬಿಗಳನ್ನು ಔಟ್‌ಬೋರ್ಡ್ ಕಂಪನಿಗಳೇ ದಶಕಗಳಿಂದ ಮಾರುತ್ತಿವೆ. ಶಟರಿನ ಹೊರಗೆ 200 ಲೀಟರಿನ ಡ್ರಮ್ಮಿಗೆ ನೀರು ತುಂಬಿಸಿ, ಅಡ್ಡಹಲಗೆಗೆ ಮೋಟಾರು ಕಚ್ಚಿಸಿ, ಫ್ಯಾನು ಬಿಚ್ಚಿಟ್ಟು, ಕಾಲು ನೀರಲ್ಲಿ ಮುಳುಗಿದೆಯೇ ಅಂತ ಎರಡು ಸಲ ನೋಡಿದೆ. ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಅರೆ ನಿಮಿಷದಲ್ಲಿ ಸುಟ್ಟು ಹೋಗುತ್ತದೆ. ಪಕ್ಕದ ಸಣ್ಣ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮುತ್ತಿರಬೇಕು, ಅದೇ ನಾಡಿ. ಹೇಗೋ ಒಂದೇ ಸಿಲಿಂಡರಿನಲ್ಲಿ ಕುಂಟುತ್ತ ಸ್ಟಾರ್ಟಾಯಿತು. ಬಿಸಿಯಾದ ಮೇಲೆ ಕಾರ್ಬುರೇಟರ್ ಬಾಯಿಗೆ ಸ್ಪ್ರೇ ಬಿಡುತ್ತ ಬಂದೆ, ಉಸಿರು ಕಟ್ಟಿ ತಾನಾಗಿ ನಿಲ್ಲುವವರೆಗೆ. ಪ್ಲಗ್ಗಿನ ತೂತಿನಿಂದಲೂ ಒಂದಿಷ್ಟು ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಹಳೇ ಪ್ಲಗ್ಗನ್ನೇ ಹಾಕಿ ಎಳೆದೆ. ಹೊಸದನ್ನು ಆಗಲೇ ಹಾಕಿದರೆ ಅದೂ ಹಾಳು.

ಹೊಗೆ ಅಂದರೆ ಹೊಗೆ! ಬಿಳಿಯಲ್ಲ, ನೀಲಿಯಲ್ಲ, ಹಳದಿ ಬೆರೆತ ಬೂದಿ ಬಣ್ಣದ್ದು, ನಾಲ್ಕನೇ ಕ್ರಾಸು ಪೂರ್ತಿ ಮುಚ್ಚಿತು. ಎದುರಿನ ಸಿ.ಎನ್.ಸಿ. ಶೆಡ್ಡಿನ ಹುಡುಗ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದುಕೊಂಡು ಓಡಿ ಬಂದ. ಡ್ರಮ್ಮಿನ ನೀರಿನ ಮೇಲೆ ಸಾಸಿವೆ ಒಗ್ಗರಣೆ ಚೆಲ್ಲಿದ ಹಾಗೆ ಕರಿ ಚೂರುಗಳು ತೇಲಿದವು. ಹೊಗೆ ತಿಳಿಯಾದ ಮೇಲೆ ಗೇಜು: ಮೇಲಿನದು 112. ಕೆಳಗಿನದು 78. ಅರ್ಧ ಗೆದ್ದ ಹಾಗೆ. ಕಲ್ಲಾದದ್ದು ಸ್ಪ್ರೇಗೆ ಬಗ್ಗುವುದಿಲ್ಲ.

ಸರಿ, ಸ್ಪ್ಯಾನರ್ ಹಿಡಿದೆವು. ಉಪ್ಪುನೀರಿನ ಇಂಜಿನ್ನಿನಲ್ಲಿ ಕಾರ್ಬನ್ನಿಗಿಂತ ಮೊದಲು ಎದುರಾಗುವ ಶತ್ರು ಬೋಲ್ಟು. ಅಲ್ಯೂಮಿನಿಯಂ ಬ್ಲಾಕು, ಸ್ಟೀಲ್ ಬೋಲ್ಟು, ನಡುವೆ ಉಪ್ಪು; ಮೂರೂ ಸೇರಿ ಒಂದೇ ಲೋಹವಾಗಿರುತ್ತವೆ. ಎಗ್ಸಾಸ್ಟ್ ಕವರಿನ ಬೋಲ್ಟುಗಳಿಗೆ ಬಿಸಿ ಕೊಟ್ಟು, ಎಣ್ಣೆ ಬಿಟ್ಟು, ಕಾದು, ಮತ್ತೆ ಬಿಸಿ ಕೊಟ್ಟು ಬಿಚ್ಚಿದರೂ ಎರಡು ತಲೆ ಮುರಿದವು. ಪೀಣ್ಯದಲ್ಲಿ ಇರುವುದರ ಪುಣ್ಯ ಇಂಥ ಹೊತ್ತಿಗೆ ಗೊತ್ತಾಗುತ್ತದೆ: ಮುರಿದ ಬೋಲ್ಟನ್ನು ಕೊರೆದು ತೆಗೆದು ಹೊಸ ಥ್ರೆಡ್ ಕೂರಿಸಿಕೊಡುವವರು ಎರಡು ಬಾಗಿಲ ಆಚೆ, ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿದಿತ್ತು.

ಹೆಡ್ಡು ಎತ್ತಿದಾಗ ಪಿಸ್ಟನ್ನಿನ ತಲೆ ಮೇಲೆ ಒಣಗಿದ ಕೆರೆಯ ಮಣ್ಣಿನಂತೆ ಬಿರುಕುಬಿಟ್ಟ ಕರಿ ಪದರ. ಇದನ್ನು ಕೆರೆಯಲು ಸ್ಕ್ರೂ ಡ್ರೈವರ್ ಎತ್ತಿಕೊಂಡ ನಮ್ಮ ಶೆಡ್ಡಿನ ಹುಡುಗನ ಕೈ ಹಿಡಿದೆ. ಅಲ್ಯೂಮಿನಿಯಂ ಮೇಲೆ ಸ್ಟೀಲು ಗೀರಿದರೆ ಆ ಗೀರಿನಲ್ಲೇ ಮುಂದಿನ ಕಿಟ್ಟ ಬೇರು ಬಿಡುತ್ತದೆ. ಬಿದಿರಿನ ಚಕ್ಕೆ, ಗಟ್ಟಿ ಪ್ಲಾಸ್ಟಿಕ್ಕು, ಬೆಸುಗೆಯ ಸೀಸದ ಕಡ್ಡಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದು – ಮೆತ್ತಗಿನದು ಯಾವುದಾದರೂ ಸರಿ. ಹೆಡ್ಡು ಮಾತ್ರ ಬಿಚ್ಚಿ ಕೆರೆಯುವುದಿದ್ದರೆ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು, ಅಂಚಿನ ಸಂದಿಗೆ ಗ್ರೀಸು ಮೆತ್ತಿ, ನೀರಿನ ತೂತುಗಳಿಗೆ ಬಟ್ಟೆ ತುರುಕಿ, ಆಮೇಲೆ ಕೆರೆಯಬೇಕು. ಕಡೆಗೆ ಗ್ರೀಸು ಒರೆಸಿದರೆ ಬಿದ್ದ ಪುಡಿಯೆಲ್ಲ ಅದರ ಜೊತೆಗೇ ಬರುತ್ತದೆ. ಯೆಜ್ಡಿ ಕಾಲದ ಉಪಾಯ ಇದು.

ನಮ್ಮದು ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಕ್ರ್ಯಾಂಕ್ ಕೇಸು ಒಡೆದು ಪಿಸ್ಟನ್ನುಗಳನ್ನು ಹೊರಗೆ ತೆಗೆದೆವು. ಕೆಳಗಿನದರ ಮೇಲಿನ ರಿಂಗು ಕಾಲುವೆಯಲ್ಲಿ ಮುಳುಗಿ, ಎಲ್ಲಿ ರಿಂಗು ಎಲ್ಲಿ ಪಿಸ್ಟನ್ನು ಅಂತ ಉಗುರಿಗೆ ತಿಳಿಯುತ್ತಿರಲಿಲ್ಲ. ಒಂದು ರಾತ್ರಿ ನೆನೆಹಾಕಿ, ಮರುದಿನ ಬ್ಲೋಲ್ಯಾಂಪಿನ ಸಣ್ಣ ಬಿಸಿ ಕೊಟ್ಟು, ತುದಿಯನ್ನು ತೆಳು ತಗಡಿನಿಂದ ಮೀಟಿದಾಗ 'ಟಿಕ್' ಅಂತ ಒಂದು ಸದ್ದು. ಅರ್ಧ ಬಿಟ್ಟಿತು. ಮಿಕ್ಕರ್ಧ ಎತ್ತುವಾಗ ಮುರಿಯಿತು. ಮುರಿಯಲಿ ಅಂತಲೇ ಕಾದಿದ್ದೆ. ಯಾಕೆಂದರೆ ಆ ಕಾಲುವೆ ತೊಳೆಯಲು ಮುರಿದ ಅದೇ ರಿಂಗಿನ ಚೂರಿಗಿಂತ ಒಳ್ಳೆಯ ಸಲಕರಣೆ ಭೂಮಿ ಮೇಲಿಲ್ಲ. ಇಂಥ ಇಂಜಿನ್ನುಗಳಲ್ಲಿ ಕಾರ್ಬನ್ ಹಿಡಿಯದಿರಲೆಂದೇ ಮೇಲಿನ ರಿಂಗನ್ನು ಬೆಣೆಯ ಆಕಾರಕ್ಕೆ ಮಾಡಿರುತ್ತಾರೆ. ಬೇರೆ ಯಾವ ಬ್ಲೇಡು ಹಾಕಿದರೂ ಕಾಲುವೆಯ ಓರೆ ಕೆಡುತ್ತದೆ. ಚೂರಿನ ತುದಿಯನ್ನು ಅರದಲ್ಲಿ ಚೌಕ ಮಾಡಿ, ಬಟ್ಟೆ ಸುತ್ತಿ ಹಿಡಿದು, ಪಿಸ್ಟನ್ನಿನ ಸುತ್ತ ತಿರುವುತ್ತ ಹೋದರೆ ಕರಿ ಕಡ್ಡಿಕಡ್ಡಿಯಾಗಿ ಉದುರುತ್ತದೆ. ಒಂದು ಪಿಸ್ಟನ್ನಿಗೆ ಒಂದು ಗಂಟೆ. ರೇಡಿಯೋದಲ್ಲಿ ಚಿತ್ರಗೀತೆ ಬರುತ್ತಿದ್ದರೆ ಮುಕ್ಕಾಲು.

ಅವಸರದ ದಾರಿಗಳೂ ಉಂಟು. ಪಕ್ಕದ ಶೆಡ್ಡಿನವರು, "ಕೊಡಿ ಸಾರ್, ಗ್ಲಾಸ್ ಬೀಡ್ ಬ್ಲಾಸ್ಟಿಂಗ್ ಮಾಡ್ಕೊಡ್ತೀನಿ, ಎರಡು ನಿಮಿಷ, ಬೆಳ್ಳಿ ಲೋಟ ಆಗುತ್ತೆ" ಅಂದರು. ಆಗುತ್ತದೆ, ನಿಜ. ಆದರೆ ಕಣ್ಣಿಗೆ ಕಾಣದ ಒಂದು ಗಾಜಿನ ಮಣಿ ಕಾಲುವೆಯ ಮೂಲೆಯಲ್ಲಿ ಉಳಿದರೂ ಅದು ಸಿಲಿಂಡರಿನ ಗೋಡೆಯನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ. ಬೇಡ ಅಂದೆ. ನನ್ನ ಹಳೇ ಗಾಯವೊಂದು ನೆನಪಾಗಿತ್ತು. ಇಪ್ಪತ್ತರ ಹರೆಯದಲ್ಲಿ ಯೆಜ್ಡಿಯ ಸೈಲೆನ್ಸರ್ ತೊಳೆಯಲು ಕಾಸ್ಟಿಕ್ ಸೋಡಾ ಕಲಸಿದ್ದೆ. ಆ ಬೈಕಿಗೆ ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು, ಕಿಟ್ಟವೂ ಜೋಡಿ. ಸೋಡಾ ನೀರಲ್ಲಿ ಸೈಲೆನ್ಸರ್ ಚೆನ್ನಾಗಿ ಬಿಟ್ಟುಕೊಂಡಿತು. ಉಳಿದ ನೀರು ಯಾಕೆ ಚೆಲ್ಲಬೇಕು ಅಂತ ಪಿಸ್ಟನ್ನನ್ನೂ ಹಾಕಿ ಟೀ ಕುಡಿಯಲು ಹೋದೆ. ಬಂದು ನೋಡಿದರೆ ಬಕೆಟ್ಟು ಕುದಿಯುತ್ತಿದೆ. ಕಾಸ್ಟಿಕ್ಕು ಕಬ್ಬಿಣವನ್ನು ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಮೇಲಿಂದ ಹೈಡ್ರೋಜನ್ ಗ್ಯಾಸು ಬೇರೆ ಬಿಡುತ್ತದೆ. ಬೀಡಿ ಹಚ್ಚಿಕೊಂಡು ಬಗ್ಗಿ ನೋಡದಿದ್ದದ್ದು ತಂದೆತಾಯಿ ಮಾಡಿದ ಪುಣ್ಯ. ಪಿಸ್ಟನ್ನು ಸಿಡುಬು ಎದ್ದ ಮುಖದಂತಾಗಿತ್ತು.

ಈ ಹೈಡ್ರೋಜನ್ನೇ ಈಗ ವೇಷ ಬದಲಿಸಿ ವೈಟ್‌ಫೀಲ್ಡಿಗೆ ಬಂದಿದೆ. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯ ಕಾರನ್ನು ಸರ್ವಿಸಿಗೆ ಬಿಟ್ಟರೆ ಬಿಲ್ಲಿನಲ್ಲಿ 'ಇಂಜಿನ್ ಡಿಕಾರ್ಬನೈಸಿಂಗ್' ಅಂತ ಕೆಲವು ಸಾವಿರ. ನೀರನ್ನು ವಿದ್ಯುತ್ತಿನಿಂದ ಒಡೆದು ಬಂದ ಗ್ಯಾಸನ್ನು ಅರ್ಧ ಗಂಟೆ ಇಂಜಿನ್ನಿಗೆ ಊಡುತ್ತಾರಂತೆ. ಹೊಸ ಕಾರಿನಲ್ಲಿ ಕಾರ್ಬನ್ ಕಟ್ಟುವುದೇ ಇಲ್ಲವೆಂದಲ್ಲ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲಿನ ಸ್ನಾನ ತಪ್ಪಿಹೋಗಿ ಅಲ್ಲಿ ಕಿಟ್ಟ ಕಟ್ಟುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಗಂಟೆಗೆ ಎಂಟು ಕಿಲೋಮೀಟರ್ ಹೋಗುವ ಕಾರಿಗೂ ಬಲೆ ಎಳೆಯುವ ದೋಣಿಗೂ ಏನು ವ್ಯತ್ಯಾಸ? ಆದರೆ ಅದಕ್ಕೆ ನಂಬುವಂಥ ಮದ್ದು ಅಕ್ರೋಟಿನ ಚಿಪ್ಪು: ಪುಡಿ ಮಾಡಿ ಗಾಳಿಯಲ್ಲಿ ಹೊಡೆದು ವಾಲ್ವು ತೊಳೆಯುತ್ತಾರೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಗ್ಯಾಸಿನ ಬಗ್ಗೆ ಸೋದರಳಿಯನಿಗೆ ಒಂದೇ ಮಾತು ಹೇಳಿದೆ. ಪ್ಲಗ್ಗಿನ ತೂತಿನಿಂದ ಬೋರೋಸ್ಕೋಪ್ ಅನ್ನುವ ಸಣ್ಣ ಕ್ಯಾಮೆರಾ ಇಳಿಸಿ ಮೊದಲಿನ ಫೋಟೋ, ಆಮೇಲಿನ ಫೋಟೋ ತೋರಿಸಿ ಅನ್ನು. ಕೇಳಿದನಂತೆ. ಮುಂದಿನ ಬಿಲ್ಲಿನಲ್ಲಿ ಆ ಸಾಲು ಇರಲಿಲ್ಲ.

ದೋಣಿ ಮೋಟಾರು ಬೆಂಗಳೂರಿಗೆ ಸಂಬಂಧವೇ ಇಲ್ಲದ ಸರಕು ಅಂತ 2022ರ ಸೆಪ್ಟೆಂಬರ್ ತನಕ ನಾನೂ ಅಂದುಕೊಂಡಿದ್ದೆ. ಆ ತಿಂಗಳ ಮಳೆಯ ನೆರೆಯಲ್ಲಿ ಬೆಂಗಳೂರಿನ ಯಮಲೂರಿನಲ್ಲಿ, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವಿನಲ್ಲಿ ಜನರನ್ನು ಮನೆಯಿಂದ ಹೊರಗೆ ತಂದದ್ದು ದೋಣಿ ಮತ್ತು ಟ್ರ್ಯಾಕ್ಟರು. ಅಂಥ ಕೆಲಸಕ್ಕೆ ಇಟ್ಟುಕೊಳ್ಳುವ ಮೋಟಾರಿನ ಪಾಡು ಇನ್ನೂ ಕಷ್ಟ. ಹನ್ನೊಂದು ತಿಂಗಳು ಗೋಡೌನಿನಲ್ಲಿ ನಿದ್ದೆ, ನಡುವೆ ಆಗಾಗ ಡ್ರಮ್ಮಿನಲ್ಲಿ ಐದು ನಿಮಿಷ ಸ್ಲೋ ಓಡಿಸಿ ರಿಜಿಸ್ಟರಿನಲ್ಲಿ ಸಹಿ. ಕಿಟ್ಟ ಬೆಳೆಸಲು ಇದಕ್ಕಿಂತ ಸಲೀಸಾದ ದಾರಿ ನನಗೆ ತಿಳಿದಿಲ್ಲ. ಓಡಿಸಿದರೆ ಲೋಡಿನಲ್ಲಿ, ಮುಕ್ಕಾಲು ಎಕ್ಸಲೇಟರಿನಲ್ಲಿ, ಪೂರ್ತಿ ಬಿಸಿಯಾಗುವಂತೆ ಓಡಿಸಬೇಕು. ಇಲ್ಲವಾದರೆ ಪೆಟ್ರೋಲು ಬಸಿದು ಮುಟ್ಟದೆ ಇಡುವುದೇ ವಾಸಿ. ಅದರಲ್ಲೂ ಈಗಿನ ಪೆಟ್ರೋಲು. ಶೇ. 20 ಎಥನಾಲ್ ಬೆರೆತ ಇ20ಯನ್ನು 2023ರ ಫೆಬ್ರವರಿ 6ರಂದು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಇದೇ ತುಮಕೂರು ರಸ್ತೆಯಲ್ಲಿ, ಮಾದಾವರದ ಪ್ರದರ್ಶನ ಕೇಂದ್ರದಲ್ಲಿ. ಎಥನಾಲು ಗಾಳಿಯ ತೇವ ಹೀರುತ್ತದೆ. ದೋಣಿಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರನ್ನು ಕಟ್ಟಿಕೊಂಡು ತಳಕ್ಕಿಳಿಯುತ್ತದೆ, ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ.

ಇತ್ತ ನಮ್ಮ ಮೋಟಾರಿಗೆ ಹೊಸ ರಿಂಗು ಬಂತು. ಟೂ ಸ್ಟ್ರೋಕ್ ಪಿಸ್ಟನ್ನಿನ ಕಾಲುವೆಯಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗು ಸುತ್ತ ತಿರುಗಿ ಅದರ ಬಾಯಿ ಪೋರ್ಟಿಗೆ ಸಿಕ್ಕಿಹಾಕಿಕೊಳ್ಳದಿರಲಿ ಅಂತ. ರಿಂಗಿನ ಬಾಯಿ ಆ ಮೊಳೆಗೆ ಸರಿಯಾಗಿ ಕೂತಿದೆಯೇ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು, ಬೋಲ್ಟಿಗೆಲ್ಲ ಗ್ರೀಸು ಹಚ್ಚಿ ಮುಚ್ಚಿದೆವು. ಎರಡನೇ ಎಳೆತಕ್ಕೆ ಸ್ಟಾರ್ಟು. ಗೇಜಿನಲ್ಲಿ 115, 111. ಇನ್ನು ಲೋಡಿನಲ್ಲಿ ಓಡಿಸಬೇಕು. ಅದಕ್ಕೆ ಕೆರೆ ಬೇಕು. ಬೆಳ್ಳಂದೂರು ಕೆರೆಗೆ ಹೋಗೋಣವೇ ಅಂದ ಹುಡುಗ. 2017ರಲ್ಲಿ ಹೊತ್ತಿಕೊಂಡು ಉರಿದ ಕೆರೆಗೆ ಪೆಟ್ರೋಲ್ ಇಂಜಿನ್ ಇಳಿಸುವುದು ಬೇಡಪ್ಪ ಅಂದೆ. ಓಡಿಸುವುದು ಗಂಗೊಳ್ಳಿಯ ಪಂಚಗಂಗಾವಳಿ ಹೊಳೆಯಲ್ಲೇ ಆಗಲಿ.

ಮೋಟಾರಿನ ಜೊತೆ ಗೋಣಿಚೀಲದಲ್ಲಿ ಎರಡು ಸಾಮಾನು ಇಟ್ಟು ಕಳಿಸಿದೆ. ಒಂದು, ಔಟ್‌ಬೋರ್ಡಿಗೆಂದೇ ಇರುವ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್. ಅದು ಸುಟ್ಟರೆ ಬೂದಿ ಉಳಿಯುವುದಿಲ್ಲ. ಬಂಕಿನ ಬೈಕಿನ 2ಟಿ ಆಯಿಲಿನಲ್ಲಿ ಇರುವ ಲೋಹದ ಅಂಶ ಈ ತಣ್ಣನೆಯ ಇಂಜಿನ್ನಿಗೆ ಒಗ್ಗದು. ಇನ್ನೊಂದು, ಮಕ್ಕಳ ಜ್ವರದ ಔಷಧಿಯ ಜೊತೆ ಬರುವ ಪ್ಲಾಸ್ಟಿಕ್ ಅಳತೆ ಲೋಟ, 20 ಎಂ.ಎಲ್. ಗೆರೆಯ ಮೇಲೆ ಕೆಂಪು ನೇಲ್‌ ಪಾಲಿಶ್ ಹಚ್ಚಿದ್ದು. ಲೀಟರಿಗೆ ಇಷ್ಟೇ ಹಾಕಬೇಕು, ಸೀಮೆಎಣ್ಣೆಯಲ್ಲಿ ಓಡಿಸುವಾಗ ಎರಡು ಲೋಟ, ದಡಕ್ಕೆ ಬರುವ ಮೊದಲು ಕೊನೆಯ ಐದು ನಿಮಿಷ ಪೆಟ್ರೋಲಿಗೆ ತಿರುಗಿಸಿ ಗಟ್ಟಿಯಾಗಿ ಓಡಿಸಬೇಕು ಅಂತ ಚೀಟಿಯನ್ನೂ ಬರೆದೆ.

ಎಂಟು ದಿನದ ಮೇಲೆ ಫೋನು ಬಂತು. ಹಿಂದೆ ಅಲೆಯ ಸದ್ದು, ಇಂಜಿನ್ ಹದವಾಗಿ ಗುರ್ ಅನ್ನುತ್ತಿತ್ತು. ದೋಣಿ ಹಾರುತ್ತಾ ಇದೆ, ಹದಿನೈದು ವರ್ಷ ಚಿಕ್ಕದಾಗಿದೆ ಅಂತೆಲ್ಲ ಹೊಗಳಿಕೆ ಆಯಿತು. ಆಮೇಲೆ ದನಿ ಸ್ವಲ್ಪ ತಗ್ಗಿಸಿ ಅಂದರು:

"ಆದ್ರೆ ಹ್ವಾಯ್, ಹೊಗಿಯೇ ಬತ್ತಿಲ್ಲ ಕಾಣಿ. ಆಯಿಲ್ ಕಮ್ಮಿ ಆತಾ ಏನೋ ಅಂದ್ಹೇಳಿ ಹೆದ್ರಿ, ಇವತ್ತ್ ಇನ್ನೂ ಎರಡ್ ಲೋಟ ಹಾಕಿದೆ."